ಹುಲಿಯ ಹೊಟ್ಟೆ, ನನ್ನ ಹೊಟ್ಟೆ

ಕೋಟನೂರಿನ ನಮ್ಮ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ನಾನು ಉಣ್ಣುವುದು. ಇದು ಅವ್ವನಿಂದ ಬಂದ ರೂಢಿ. ಬೆಳಿಗ್ಗೆ ರೊಟ್ಟಿ ಬಡಿದು, ಎಲ್ಲರ ಬುತ್ತಿ ಕಟ್ಟಿ, ಒಂದು ಕಪ್ ಚಹಾ ಕುಡಿದು ಶಾಲೆಗೆ ಓಡುತ್ತೇನೆ. ಹನ್ನೊಂದಕ್ಕೆ ಹೊಟ್ಟೆ ಕರೆಯುತ್ತದೆ. "ಸುಮ್ಮನಿರು" ಎಂದು ಅದಕ್ಕಿಷ್ಟು ನೀರು ಕುಡಿಸಿ ಪಾಠ ಮುಂದುವರಿಸುತ್ತೇನೆ. ಇಪ್ಪತ್ತೆಂಟು ವರ್ಷ ಹೀಗೇ ಕಳೆದವು.

ಹೋದ ದೀಪಾವಳಿಗೆ ತಂಗಿಯ ಮಗಳು ಬಂದಿದ್ದಳು. ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಾಳೆ. ಎದೆಯುರಿಗೆ ನಾನು ಗುಳಿಗೆ ನುಂಗುವುದನ್ನು ನೋಡಿ, "ದೊಡ್ಡವ್ವ, ನಿನಗಿಂತ ಹುಲಿ ಶಾಣ್ಯಾ ಅದ" ಅಂದಳು.

ಹುಲಿ, ಸಿಂಹಗಳ ಜಠರ ಮತ್ತು ಕರುಳಿನ ಒಳಪದರದಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳಿರುತ್ತವಂತೆ. ತೊಗರಿ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಎದ್ದ ಜೋಳದ ದಂಟಿನ ಹಾಗೆ, ಬೇರೆ ಕೋಶಗಳ ನಡುವೆ ಒಂಟಿಯಾಗಿ. ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗುರುತು ಸಿಗುತ್ತವೆ. ಜಠರದ ಗ್ಯಾಸ್ಟ್ರಿನ್ ಆಮ್ಲ ಬರಿಸುತ್ತದೆ. ಸಣ್ಣಕರುಳಿನ ಸೆಕ್ರೆಟಿನ್ ಕ್ಷಾರರಸ ತರಿಸಿ ಆ ಆಮ್ಲವನ್ನು ತಣಿಸುತ್ತದೆ. 1902ರಲ್ಲಿ ಲಂಡನ್ನಿನ ಬೇಲಿಸ್, ಸ್ಟಾರ್ಲಿಂಗ್ ಎಂಬಿಬ್ಬರು ಈ ಸೆಕ್ರೆಟಿನ್ ಕಂಡುಹಿಡಿದರು. "ಹಾರ್ಮೋನು" ಎಂಬ ಹೆಸರು ಬಂದದ್ದೇ ಆಮೇಲೆ, 1905ರಲ್ಲಿ. ಹಸಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಗ್ರೆಲಿನ್ 1999ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಸಿಕ್ಕಿತು, ಅದೂ ಜಠರದಲ್ಲೇ. ಉಂಡ ಮೇಲೆ "ಸಾಕು" ಎಂದು ಹೇಳುವ ಹಾರ್ಮೋನುಗಳು ಕರುಳಿನಲ್ಲಿವೆ.

"ಬಂಡೀಪುರದ ಹುಲಿ ಬೇಟೆ ಸಿಕ್ಕ ರಾತ್ರಿ 20 ಕಿಲೋಕ್ಕಿಂತ ಹೆಚ್ಚು ಮಾಂಸ ತಿಂದೀತು. ಸಿಗಲಿಲ್ಲಂದ್ರ ದಿನಗಟ್ಟಲೆ ಉಪವಾಸ ಇದ್ದೀತು. ಆದ್ರ ಊಟ ಎದುರಿಗೆ ಇಟ್ಕೊಂಡು, ಹಸಿದು, ಯಾರ ದಾರಿನೂ ಕಾಯಂಗಿಲ್ಲ. ನಿನ್ನ ಹೊಟ್ಟ್ಯಾಗೂ ಅಂಥವೇ ಕೋಶ ಅವ."

"ಹುಲಿಗೆ ಸಂಸಾರ ಇಲ್ಲಲ್ಲವ್ವ" ಎಂದೆ.

"ಮರಿ ಇಲ್ಲೇನು? ತಾಯಿ ಉಣ್ಣದಿದ್ರ ಮರಿಗಳಿಗೆ ಬೇಟೆ ಯಾರು ತರಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. ಅವ್ವ ನೆನಪಾದಳು. ಹನ್ನೊಂದು ಮಂದಿಯ ಮನೆಯಲ್ಲಿ ಕೊನೆಗೆ ಉಳಿದ ಅರ್ಧ ರೊಟ್ಟಿಯನ್ನೂ ನನ್ನ ತಾಟಿಗೆ ಹಾಕಿ, "ನನಗ ಹಸಿವೇ ಇಲ್ಲವ್ವ" ಎನ್ನುತ್ತಿದ್ದಳು. ಅದು ಸುಳ್ಳೆಂದು ಅವಳ ಜಠರಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ವಿಜ್ಞಾನ ಕಲಿಸುವವಳು ನಾನು. ಪಚನಕ್ರಿಯೆಯ ಚಿತ್ರವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ!

ಅಂದು ರಾತ್ರಿ ಎಲ್ಲರ ಸಾಲಿನಲ್ಲಿ ನಾನೂ ತಾಟು ಹಾಕಿಕೊಂಡು ಕುಳಿತೆ. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಪುಂಡಿಪಲ್ಯದ ಬೋಗುಣಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.