ದೂಳಿನ ಲೆಕ್ಕ ಕೇಳುವವರು ಯಾರು?

ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ, ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ನಗರಗಳೆಂದು ಕರ್ನಾಟಕದಿಂದ ಗುರುತಿಸಲಾದ ನಾಲ್ಕರಲ್ಲಿ ಬೆಂಗಳೂರು, ದಾವಣಗೆರೆ ಮತ್ತು ಕಲಬುರಗಿಗಳೊಡನೆ ಹುಬ್ಬಳ್ಳಿ-ಧಾರವಾಡವೂ ಸೇರಿದೆ. ಇಲ್ಲಿ ಮುಖ್ಯವಾಗಿ ಅಳೆಯುವುದು ಪಿಎಂ 10, ಅಂದರೆ ಹತ್ತು ಮೈಕ್ರಾನಿಗಿಂತ ದಪ್ಪವಿಲ್ಲದ, ಉಸಿರಿನೊಡನೆ ಒಳಹೋಗುವ ಕಣಗಳನ್ನು. ಇವುಗಳ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಮ್ ಮೀರಬಾರದೆಂಬುದು ದೇಶದ ಮಾನದಂಡ.

ಕಾರ್ಖಾನೆಗಳಿಗೆ ಸಮ್ಮತಿ ನೀಡುವ, ಗಾಳಿಯನ್ನು ಅಳೆಯುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಆದರೆ ಅಗೆದು ಬಿಟ್ಟ ರಸ್ತೆ, ಬಯಲಲ್ಲಿ ಸುಡುವ ಕಸ, ಮುಚ್ಚದೆ ಸಾಗಿಸುವ ಕಟ್ಟಡದ ಅವಶೇಷ, ಅಂಚಟಗೇರಿ ಹಾಗೂ ಹೊಸಯಲ್ಲಾಪುರಗಳ ಕಸದ ರಾಶಿ, ಇವೆಲ್ಲ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಹೊಣೆ. ನವನಗರ, ರಾಯಾಪುರಗಳಂತೆ ಎರಡು ಊರುಗಳ ನಡುವೆ ಬೆಳೆದ ಬಡಾವಣೆಗಳ ನಿವಾಸಿ ಯಾರಿಗೆ ದೂರಬೇಕೆಂದು ತಿಳಿಯದೆ ಸುಮ್ಮನಾಗುವುದು ಈ ಹಂಚಿಕೆಯಿಂದಲೇ.

ಇನ್ನೊಂದು ಸಂಗತಿ ಹೆಚ್ಚು ನೋವಿನದು: ಕಾರ್ಯಕ್ರಮ ಆರಂಭವಾದ 2019ರಲ್ಲೇ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಮುಂದಿನ ಚುನಾವಣೆ 2021ರ ಸೆಪ್ಟೆಂಬರಿನಲ್ಲಿ ನಡೆದುದರಿಂದ, ಮೊದಲ ವರ್ಷಗಳಲ್ಲಿ ಸಭೆಯಲ್ಲಿ ಎದ್ದು ಪ್ರಶ್ನಿಸಲು ಕಾರ್ಪೊರೇಟರುಗಳೇ ಇರಲಿಲ್ಲ. ಅಧಿಕಾರಿಗಳ ದಕ್ಷತೆ ಎಷ್ಟೇ ಇರಲಿ, ಅದು ಜನರ ಮೇಲ್ವಿಚಾರಣೆಗೆ ಬದಲಿಯಾಗದು. ಅವಳಿನಗರದ ನಾಗರಿಕರು ತಮ್ಮ ವಾರ್ಡಿನ ಸದಸ್ಯರನ್ನು ಚರಂಡಿ, ದೀಪಗಳ ಜೊತೆಗೆ ಪಿಎಂ 10ರ ಅಂಕಿಯ ಬಗ್ಗೆಯೂ ಕೇಳಬೇಕು.