ಮದುವೆ ಮನೆಯವರು ಹೊತ್ತೊಯ್ದ ಬಿಷಪ್

ಅಲೆಕ್ಸಾಂಡ್ರಿಯಾ, ಕ್ರಿ.ಶ. 250. ಚಕ್ರವರ್ತಿ ಡೀಸಿಯಸ್‌ನ ಆಜ್ಞೆ ತಲುಪಿದ ಗಳಿಗೆಯಲ್ಲೇ ಪ್ರಾಂತಾಧಿಪತಿ ಸಬೀನಸ್ ತನ್ನ ಬೇಟೆಗಾರನನ್ನು ಬಿಟ್ಟ. ಹಿಡಿಯಬೇಕಾದ್ದು ನಗರದ ಕ್ರೈಸ್ತರ ಬಿಷಪ್ ಡಯೊನೀಸಿಯಸ್ ಅವರನ್ನು. ಹೊರಟವನು ಒಬ್ಬ ಫ್ರುಮೆಂಟೇರಿಯಸ್. ಹೆಸರಿನ ಬೇರು ಹಿಡಿದು ಹೋದರೆ ಸೇನೆಗೆ ಕಾಳುಕಡಿ ಹೊಂದಿಸುವವನು ಅಷ್ಟೆ. ಆದರೆ ಊರೂರು ಅಲೆಯುವ ಈ ಮಂದಿಯನ್ನು ರೋಮ್ ಯಾವತ್ತೋ ಗೂಢಚಾರರನ್ನಾಗಿ ಮಾಡಿಕೊಂಡಿತ್ತು.

ಅವನು ದಾರಿ ಜಾಲಾಡಿದ. ನದಿ ಜಾಲಾಡಿದ. ಹೊಲಗಳನ್ನೂ ಬಿಡಲಿಲ್ಲ. ಒಂದು ದಿನ, ಎರಡು, ಮೂರು, ನಾಲ್ಕು. ಬಿಷಪ್ ಎಲ್ಲಿದ್ದರು? ತಮ್ಮ ಮನೆಯಲ್ಲೇ, ಅವನು ಬರಲೆಂದು ಕಾಯುತ್ತ! ಬೆನ್ನ ಹಿಂದೆ ಸಾವು ಬಿದ್ದವನು ಮನೆಯಲ್ಲೇ ಕೂತಿರುತ್ತಾನೆಂದು ಯಾವ ಪತ್ತೇದಾರ ತಾನೇ ನಂಬಿಯಾನು? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಆ ಆಜ್ಞೆ ಕೇಳಲು ಬಲು ಸರಳ. ದೇವತೆಗಳಿಗೆ ಬಲಿ ಕೊಡು, ಮದ್ಯ ಎರೆ, ಬಲಿಯ ಮಾಂಸವನ್ನು ಬಾಯಿಗೆ ಹಾಕಿಕೊ. ಅಧಿಕಾರಿಗಳು ನಿಂತು ನೋಡಿ ಚೀಟಿ ಕೊಡುತ್ತಾರೆ. ಅಂಥ ಪಪೈರಸ್ ಚೀಟಿಗಳು ಈಜಿಪ್ಟಿನ ನೆಲದಲ್ಲಿ 40ಕ್ಕೂ ಹೆಚ್ಚು ಸಿಕ್ಕಿವೆ. ಚೀಟಿ ಇಲ್ಲದವರಿಗೆ ಸೆರೆ, ಚಿತ್ರಹಿಂಸೆ, ಕೆಲವರಿಗೆ ಬೆಂಕಿ. ಬಲಿಪೀಠದ ಮುಂದೆ ಬಿಳಿಚಿಕೊಂಡು ನಡುಗುತ್ತ ನಿಂತ ಕ್ರೈಸ್ತರನ್ನು ಕಂಡು, ಇವರು ಬಲಿ ಕೊಡಲು ಬಂದಿದ್ದಾರೋ ಬಲಿಯಾಗಲು ಬಂದಿದ್ದಾರೋ ಎಂದು ಜನ ಗೇಲಿ ಮಾಡಿದರಂತೆ. ಆಜ್ಞೆಗೂ ಒಂದು ವರ್ಷ ಮೊದಲೇ ಇದೇ ನಗರದ ದೊಂಬಿ ಮುದುಕಿ ಅಪೊಲೋನಿಯಾಳ ಹಲ್ಲು ಉದುರಿಸಿ, ಬೆಂಕಿ ಹಾಕಿ ಹೆದರಿಸಿತ್ತು. ಕ್ಷಣ ಬಿಡಿ ಎಂದು ಕೇಳಿಕೊಂಡ ಆಕೆ ತಾನೇ ಉರಿಗೆ ಹಾರಿದಳು.

ನಾಲ್ಕನೇ ದಿನ ಕಳೆದ ಮೇಲೆ ಡಯೊನೀಸಿಯಸ್ ಮನೆ ಬಿಟ್ಟರು. ದೇವರ ಅಪ್ಪಣೆಯಾಯಿತು ಎಂದು ಮುಂದೆ ಬರೆದ ಕಾಗದದಲ್ಲಿ ಹೇಳುತ್ತಾರೆ ಅವರು. ಹೊತ್ತು ಮುಳುಗುವಷ್ಟರಲ್ಲಿ ಜೊತೆಗಿದ್ದವರ ಸಮೇತ ಸೈನಿಕರ ಕೈಗೆ ಸಿಕ್ಕಿಬಿದ್ದರು! ತಪೋಸಿರಿಸ್ ಎಂಬ ಪುಟ್ಟ ಊರಿಗೆ ಎಳೆದೊಯ್ದು ಕಾವಲಿನಲ್ಲಿಟ್ಟರು. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ಬಿಷಪ್ಪರ ಕಡೆಯವರಲ್ಲಿ ತಪ್ಪಿಸಿಕೊಂಡವನು ತಿಮೊಥೆ. ತಡವಾಗಿ ಬಂದು ನೋಡಿದರೆ ಮನೆ ಬರಿದು, ಸುತ್ತ ಕಾವಲು. ಎದ್ದೆನೋ ಬಿದ್ದೆನೋ ಎಂದು ಓಡಿದ. ಎದುರಿಗೆ ಬಂದ ಹಳ್ಳಿಗನೊಬ್ಬ ಯಾಕಪ್ಪಾ ಈ ಓಟ ಎಂದು ತಡೆದ. ತಿಮೊಥೆ ಇದ್ದದ್ದು ಇದ್ದಂತೆ ಹೇಳಿಬಿಟ್ಟ. ಆ ಹಳ್ಳಿಗ ಹೊರಟಿದ್ದದ್ದು ಮದುವೆ ಊಟಕ್ಕೆ. ಆ ಸೀಮೆಯಲ್ಲಿ ಮದುವೆ ಎಂದರೆ ರಾತ್ರಿಯಿಡೀ ಕೂಟ. ಹೋದವನೇ ಪಂಕ್ತಿಯಲ್ಲಿ ಕೂತವರಿಗೆ ಸುದ್ದಿ ಹೇಳಿದ. ಮೊದಲೇ ಮಾತಾಡಿಕೊಂಡಿದ್ದರೇನೋ ಎಂಬಂತೆ ಇಡೀ ಪಂಕ್ತಿ ಒಟ್ಟಿಗೇ ಎದ್ದಿತು. ಅವರು ಕ್ರೈಸ್ತರೋ ಅಲ್ಲವೋ, ಡಯೊನೀಸಿಯಸ್ ಬರೆದಿಲ್ಲ. ಉಣ್ಣುತ್ತಿದ್ದವರು ಎದ್ದು ಬಂದರು ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕತ್ತಲಲ್ಲಿ ಬೊಬ್ಬೆ. ಕಾವಲಿನ ಸೈನಿಕರು ಕಾಲಿಗೆ ಬುದ್ಧಿ ಹೇಳಿದರು. ಬರಿ ಮಂಚದ ಮೇಲೆ, ಮೈಮೇಲೊಂದು ನಾರಿನ ಅಂಗಿ ಬಿಟ್ಟರೆ ಏನೂ ಇಲ್ಲದೆ ಮಲಗಿದ್ದ ಬಿಷಪ್, ಕಳ್ಳರು ಬಂದರೆಂದೇ ತಿಳಿದು ಪಕ್ಕದಲ್ಲಿದ್ದ ಉಳಿದ ಬಟ್ಟೆಯನ್ನು ಅವರತ್ತ ಚಾಚಿದರು. ಬಂದವರು ಬಟ್ಟೆ ಮುಟ್ಟಲಿಲ್ಲ. ಏಳಿ, ಬೇಗ ನಡೆಯಿರಿ ಎಂದರು.

ಆಗ ಅರ್ಥವಾಯಿತು. ಅರ್ಥವಾದದ್ದೇ ತಡ, ಬಿಷಪ್ ಕೂಗಿಕೊಂಡರು: ನನ್ನ ಪಾಡಿಗೆ ನನ್ನನ್ನು ಬಿಡಿ, ಉಪಕಾರ ಮಾಡಲೇಬೇಕೆಂದಿದ್ದರೆ ಅವರಿಗಿಂತ ಮೊದಲು ನೀವೇ ನನ್ನ ತಲೆ ತೆಗೆಯಿರಿ! ಮದುವೆ ಮನೆಯವರು ಕೇಳುವ ಜನವೇ? ರಟ್ಟೆ ಹಿಡಿದು ಎಬ್ಬಿಸಿದರು. ಬಿಷಪ್ ಅಂಗಾತ ನೆಲಕ್ಕೆ ಬಿದ್ದುಬಿಟ್ಟರು. ಕೈಕಾಲು ಹಿಡಿದು ದರದರನೆ ಹೊರಗೆಳೆದರು. ಹಿಂದೆಯೇ ಬಿಷಪ್ಪರ ಸಂಗಡಿಗರಾದ ಗಾಯ, ಫಾಸ್ಟಸ್, ಪೇತ್ರ, ಪೌಲ. ಈ ನಾಲ್ವರೇ ಅವರನ್ನು ಊರಾಚೆಗೆ ಹೊತ್ತು, ಜೀನಿಲ್ಲದ ಕತ್ತೆಯ ಬೆನ್ನ ಮೇಲೆ ಕೂರಿಸಿ ಹೊರಟುಬಿಟ್ಟರು.

ಅಡಗುದಾಣ ಲಿಬಿಯಾದ ಒಣ ಮರುಭೂಮಿ. ಕಡಲಂಚಿನ ಪ್ಯಾರಟೋನಿಯಮ್ಮಿನಿಂದ ಮೂರು ದಿನದ ದಾರಿ. ಜೊತೆಗೆ ಉಳಿದವರು ಗಾಯ, ಪೇತ್ರ ಇಬ್ಬರೇ. ಎಲ್ಲರಿಗೂ ಇಂಥ ಕತ್ತೆ ಸಿಗಲಿಲ್ಲ. ನಿಲೋಪೊಲಿಸ್‌ನ ವೃದ್ಧ ಬಿಷಪ್ ಕೈರೆಮೋನ್ ಹೆಂಡತಿಯೊಂದಿಗೆ ಅರೇಬಿಯನ್ ಬೆಟ್ಟ ಹತ್ತಿದವರು ಮರಳಲೇ ಇಲ್ಲ. ಎಷ್ಟು ಹುಡುಕಿದರೂ ಹೆಣವೂ ಸಿಗಲಿಲ್ಲ.

251ರಲ್ಲಿ ಡೀಸಿಯಸ್ ಗೋಥರ ವಿರುದ್ಧದ ಕಾಳಗದಲ್ಲಿ ಸತ್ತ. ಬದುಕಿ ಬಂದ ಡಯೊನೀಸಿಯಸ್‌ಗೆ ಕಾದಿದ್ದದ್ದು ಚಾಡಿಮಾತು: ಓಡಿಹೋದವರು! ಆಡಿದವನೂ ಬಿಷಪ್ಪನೇ, ಜರ್ಮೇನಸ್. ದೇವರಾಣೆ ಇಟ್ಟು, ಆ ನಾಲ್ವರನ್ನೂ ಸಾಕ್ಷಿಗೆ ಕರೆದು ಡಯೊನೀಸಿಯಸ್ ಕಾಗದ ಬರೆಯಬೇಕಾಯಿತು. ಅದನ್ನು ಚರಿತ್ರೆಕಾರ ಯುಸೀಬಿಯಸ್ ತನ್ನ ಕ್ರೈಸ್ತ ಸಭಾ ಚರಿತ್ರೆಯಲ್ಲಿ ಸೇರಿಸಿಟ್ಟದ್ದರಿಂದಲೇ ಆ ರಾತ್ರಿಯ ಕಥೆ ನಮಗೆ ಸಿಕ್ಕಿದೆ.

ಅದೇ ಯುಸೀಬಿಯಸ್ ಫಾಸ್ಟಸ್‌ನ ಸುದ್ದಿಯನ್ನೂ ಕೊಡುತ್ತಾನೆ. ಸುಮಾರು ಅರ್ಧ ಶತಮಾನದ ನಂತರ, 303ರಲ್ಲಿ ಶುರುವಾದ ಕ್ರೈಸ್ತರ ಮೇಲಿನ ಹಿಂಸೆಯ ಕಾಲಕ್ಕೂ ಅವನು ಬದುಕಿದ್ದ. ಹಣ್ಣು ಹಣ್ಣು ಮುದುಕ. ಆಗ ಅವನ ತಲೆ ಕಡಿದರು.