ಮಾಗಿಯ ಬಿಸುಪು

ಬೆಂಗಳೂರಿನ ಚಳಿಯ ಮಾತೆತ್ತಿದರೆ ದಿಲ್ಲಿಯವರು ನಗುತ್ತಾರೆ. ನಗಲಿ. ಜನವರಿಯ ಇರುಳಿನಲ್ಲಿ ಇಲ್ಲಿಯ ಉಷ್ಣಮಾನ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಗಲಾದರೋ 27 ಡಿಗ್ರಿಯ ಹಿತವಾದ ಬಿಸಿಲು. 1884ರ ಜನವರಿ 13ರಂದು ಒಮ್ಮೆ 7.8 ಡಿಗ್ರಿಗೆ ಇಳಿದದ್ದುಂಟು. ಊರಿನ ದಾಖಲೆಯಲ್ಲಿ ಅದೇ ಕಡಿಮೆಯದು. ಹಿಮವಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ದೀಪಾವಳಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ನುಸಿಗುಳಿಗೆಯ ವಾಸನೆ ಹೊಡೆಯುವ ಸ್ವೆಟರುಗಳು ಮಹಡಿಯ ಮೇಲೆ ಬಿಸಿಲು ಕಾಯುತ್ತವೆ. ಹಿರಿಯರ ತಲೆಗೆ ಮಂಕಿ ಟೋಪಿ ಏರುತ್ತದೆ. "ಈ ಸಲ ಚಳಿ ಹೋದ ವರ್ಷಕ್ಕಿಂತ ಜಾಸ್ತಿ" ಎಂಬ ಮಾತು, ಪ್ರತಿ ವರ್ಷ ಕೇಳಿದ್ದೇ ಆದರೂ, ಹೊಸ ಸಮಾಚಾರದಂತೆ ಬೀದಿಯಿಂದ ಬೀದಿಗೆ ಸಾಗುತ್ತದೆ.

ಮಾಗಿಯ ಸುಖಗಳ ದೊಡ್ಡ ಗುಣವೆಂದರೆ ಅವಕ್ಕೆ ಹಣ ಹೆಚ್ಚು ಬೇಕಿಲ್ಲ. ಎಚ್ಚರವಾದ ಮೇಲೂ ಹೊದಿಕೆಯೊಳಗೆ ಕದ್ದು ಕಳೆಯುವ ಹತ್ತು ನಿಮಿಷ. ಅಡಿಗೆಮನೆಯಿಂದ ತೇಲಿ ಬರುವ ಡಿಕಾಕ್ಷನ್ನಿನ ಪರಿಮಳ. ಬಾಗಿಲು ತೆರೆದರೆ ರಾತ್ರಿಯಿಡೀ ಉದುರಿ ಬೀದಿಯನ್ನು ಬಿಳುಪಾಗಿಸಿದ ಆಕಾಶಮಲ್ಲಿಗೆ. ಕಾಫಿಯ ಮಾತು ಬಂದಿತಲ್ಲ, ಊರಿನವರು ಲೋಟ ಬಟ್ಟಲು ಹಿಡಿದು ಉಫ್ ಉಫ್ ಎಂದು ಊದಿಕೊಳ್ಳುವ ಅದೇ ಹೊತ್ತಿನಲ್ಲಿ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹಣ್ಣು ಬಿಡಿಸುವವರ ಕೈಗಳು ಮಂಜಿನಲ್ಲಿ ಮರಗಟ್ಟಿರುತ್ತವೆ. ಅರೇಬಿಕಾದ ಕೊಯ್ಲೂ ಇದೇ ಕಾಲದ್ದು. ಒಬ್ಬರ ಬೆಚ್ಚನೆಯ ಹಿಂದೆ ಇನ್ನೊಬ್ಬರ ಚಳಿ ಇರುವುದುಂಟು.

ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿರುವ ನಿವೃತ್ತ ಮೇಷ್ಟರೊಬ್ಬರಿಗೆ ಈ ಸಂಗತಿ ತಿಳಿದದ್ದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ. ಮೂವತ್ತೈದು ವರ್ಷ ಭೂಗೋಳ ಪಾಠ ಹೇಳಿದವರು. ಸೂರ್ಯ ದಕ್ಷಿಣಕ್ಕೆ ಸರಿಯುವುದೇಕೆ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವುದು ಹೇಗೆ, ಇವೆಲ್ಲ ಅವರಿಗೆ ಕರತಲಾಮಲಕ. ತಮ್ಮ ಬಚ್ಚಲಿನಲ್ಲಿ ಬೆಳಗಿನ ಆರು ಗಂಟೆಗೆ ನೀರು ಬಿಸಿಯಾಗಿರುವುದು ಹೇಗೆಂಬುದು ಮಾತ್ರ ತಿಳಿದಿರಲಿಲ್ಲ.

ಮೊದಲು ತಾಮ್ರದ ಹಂಡೆ ಇತ್ತು. ಮನೆಯಾಕೆ ಐದಕ್ಕೇ ಎದ್ದು ಒಲೆಗೆ ತೆಂಗಿನಗರಿ, ಚಿಪ್ಪು ತುರುಕಿ ಉರಿ ಹಚ್ಚುತ್ತಿದ್ದರು. ಆ ಹೊಗೆಯ ಕಂಪಿಗೇ ಮೇಷ್ಟರಿಗೆ ಎಚ್ಚರವಾಗುತ್ತಿತ್ತು. ಆಮೇಲೆ ಗೀಸರು ಬಂದಿತು. ಹಂಡೆ ಹಿತ್ತಿಲಿಗೆ ಹೋಗಿ ದೊಡ್ಡಪತ್ರೆ ಗಿಡಕ್ಕೆ ಕುಂಡವಾಯಿತು. ಆದರೂ ಐದೂಮುಕ್ಕಾಲಿಗೆ ಗೀಸರಿನ ಗುಂಡಿ ಒತ್ತುತ್ತಿದ್ದ ಕೈ ಅದೇ. ಆಷಾಢದಲ್ಲಿ ಆಕೆ ತೀರಿಕೊಂಡರು. ಸೆಕೆ ಕಳೆದು ಮಳೆಯೂ ನಿಂತು, ಕಾರ್ತಿಕದಲ್ಲಿ ಚಳಿ ಬಿದ್ದ ಮೊದಲ ಬೆಳಗ್ಗೆ ಮೇಷ್ಟರು ಕೊಳಾಯಿ ತಿರುಗಿಸಿ ತಣ್ಣೀರಿನ ಕೆಳಗೆ ನಿಂತರು. ನೀರು ತಾನಾಗಿ ಕಾಯುವುದಿಲ್ಲವೆಂಬ ಭೌತಶಾಸ್ತ್ರ ಅವರಿಗೆ ಆ ಕ್ಷಣ ತಿಳಿಯಿತು.

ಮಗ ಪರದೇಶದಲ್ಲಿದ್ದಾನೆ. ಒಳ್ಳೆಯ ಮಗನೇ. ಅಪ್ಪನ ಚಳಿಯ ಸುದ್ದಿ ಕೇಳಿ ಕೋಣೆ ಕಾಯಿಸುವ ವಿದ್ಯುತ್ ಯಂತ್ರವೊಂದನ್ನು ತರಿಸಿಕೊಟ್ಟ. ಅದು ಕೆಂಪಗೆ ಕಾದು ಕೋಣೆಯನ್ನು ಬೆಚ್ಚಗೆ ಮಾಡಿತು, ಬಾಯನ್ನು ಒಣಗಿಸಿತು. ನಾಲ್ಕನೆಯ ದಿನ ಮೇಷ್ಟರು ಅದಕ್ಕೊಂದು ಪಂಚೆ ಹೊದಿಸಿ ಮೂಲೆಗೆ ಸರಿಸಿದರು. ಸಾಧನದ ತಪ್ಪೇನೂ ಇಲ್ಲ. ಅದರ ಮುಂದೆ ಒಬ್ಬರೇ ಕುಳಿತುಕೊಳ್ಳಬೇಕಲ್ಲ, ತೊಡಕು ಅಲ್ಲಿತ್ತು.

ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಸುತ್ತಿನ ರೈತರ ಕಡಲೆಕಾಯಿ ಹೊಲಗಳನ್ನು ಗೂಳಿಯೊಂದು ಮೇಯುತ್ತಿತ್ತೆಂದೂ ಅದನ್ನು ಶಾಂತಗೊಳಿಸಲು ಈ ಸೇವೆ ಮೊದಲಾಯಿತೆಂದೂ ಕಥೆ. ಗುಡಿ ಕೆಂಪೇಗೌಡರ ಕಾಲದ್ದು, ಹದಿನಾರನೆಯ ಶತಮಾನ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಮೂಲದ್ದು. ಸಮುದ್ರ ದಾಟಿ ಬಂದ ಬೆಳೆ. ಅಷ್ಟು ಬೇಗ ಬಸವನಗುಡಿಯ ಗೂಳಿಗೆ ಅದರ ರುಚಿ ಹತ್ತಿತೆ ಎಂದು ಮೇಷ್ಟರು ತರಗತಿಯಲ್ಲಿ ಹುಡುಗರನ್ನು ಕೇಳಿ ನಗಿಸುತ್ತಿದ್ದುದುಂಟು. ಈ ಸಲವೂ ಅಭ್ಯಾಸಬಲದಿಂದ ಹೋದರು. ಹಸಿ, ಹುರಿದದ್ದು, ಬೇಯಿಸಿದ್ದು ಎಂದು ರಾಶಿ ರಾಶಿ. ಅಭ್ಯಾಸಬಲದಿಂದಲೇ ಎರಡು ಸೇರು ಕೊಂಡರು. ಮನೆಗೆ ಬಂದು ಪೊಟ್ಟಣ ಬಿಚ್ಚಿದಾಗ, ಸಿಪ್ಪೆ ಹಾಕಲು ಹಳೆಯ ಪತ್ರಿಕೆ ಹಾಸಿ ಎದುರಿಗೆ ಕುಳಿತುಕೊಳ್ಳುವವರಿಲ್ಲ. ನಾಲ್ಕು ಕಾಯಿ ಬಿಡಿಸಿ ತಿಂದರು. ಉಳಿದದ್ದು ಎಂಟು ದಿನ ಮೇಜಿನ ಮೇಲೆ ಮೆತ್ತಗಾಗುತ್ತ ಬಿದ್ದಿತ್ತು.

ಧನುರ್ಮಾಸ ಬಂದಿತು. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗಿನ ಈ ತಿಂಗಳಿನಲ್ಲಿ ಮದುವೆ ಮುಂಜಿಗಳಿಲ್ಲ, ಶೂನ್ಯಮಾಸವೆಂದು ಹೇಳುತ್ತಾರೆ. ಹುಗ್ಗಿಯ ತಿಂಗಳನ್ನು ಶೂನ್ಯವೆನ್ನುವ ಧೈರ್ಯ ಯಾರಿಗೆ ಬಂದಿತೋ! ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿಯ ಚೂರು, ಮೇಲೆ ತುಪ್ಪ. ನಕ್ಷತ್ರ ಮಾಸುವ ಮೊದಲೇ ನೈವೇದ್ಯವಾಗಬೇಕು. ಚಳಿಯಲ್ಲಿ ನಾಲ್ಕಕ್ಕೆ ಏಳಿಸಿ ನೀರು ಹುಯ್ದುಕೊಳ್ಳಲು ಹೇಳುವ ಶಾಸ್ತ್ರವೇ ಅದಕ್ಕೆ ತಕ್ಕ ಬಿಸಿ ಊಟವನ್ನೂ ವಿಧಿಸಿರುವುದು ನ್ಯಾಯವಾಗಿದೆ. ಮೇಷ್ಟರ ಮನೆಯಲ್ಲಿ ಮಾತ್ರ ವರ್ಷ ತುಂಬುವ ತನಕ ಹಬ್ಬವಿಲ್ಲ. ಪಕ್ಕದ ಮನೆಯ ಗೃಹಿಣಿ ಮುಚ್ಚಿದ ಡಬರಿಯಲ್ಲಿ ಹುಗ್ಗಿ ಕಳಿಸಿದರು; ತಂದವಳು ಅವರ ಎಂಟು ವರ್ಷದ ಮಗಳು. ಡಬರಿಯ ಬಿಸಿ ಕೈಗೆ ತಾಗದಂತೆ ಲಂಗದ ಅಂಚಿನಿಂದ ಹಿಡಿದಿದ್ದಳು.

"ತಾತ, ಅಮ್ಮ ಹೇಳಿದ್ರು, ಬಿಸಿ ಇರುವಾಗಲೇ ತಿನ್ನಬೇಕಂತೆ. ಡಬರಿ ಆಮೇಲೆ ಕೊಟ್ಟರೆ ಸಾಕಂತೆ."

ಖಾಲಿ ಪಾತ್ರೆ ಹಿಂದಿರುಗಿಸುವುದು ಪದ್ಧತಿಯಲ್ಲ. ಮೇಷ್ಟರು ಮನೆಯೆಲ್ಲ ಹುಡುಕಿದರು. ಡಬರಿಗೆ ಹಾಕಲು ಒಂದು ಹಿಡಿ ಸಕ್ಕರೆಯಲ್ಲದೆ ಬೇರೇನೂ ಸಿಗಲಿಲ್ಲ. ಆ ಸಂಜೆಯೇ ಚೀಲ ಹಿಡಿದು ಗಾಂಧಿ ಬಜಾರಿಗೆ ಹೊರಟರು. ಅಲ್ಲಿ ಕಣ್ಣಿಗೆ ಬಿದ್ದದ್ದು ಅವರೆಕಾಯಿಯ ರಾಶಿ.

ಅವರೆಕಾಯಿಯ ವಿಷಯವನ್ನು ಅವಸರದಲ್ಲಿ ಹೇಳಿ ಮುಗಿಸಲಾಗದು. ಹಳೆಯ ಮೈಸೂರು ಸೀಮೆಯವರಿಗೆ ಚಳಿಗಾಲವೆಂದರೆ ಅರ್ಧ ಪಾಲು ಅದೇ. ನಾಡತಳಿಯ ಅವರೆಗೆ ಹಗಲಿನ ಅಳತೆ ಗೊತ್ತು: ಹಗಲು ಕಿರಿದಾಗದೆ ಅದು ಹೂ ಬಿಡದು. ಹೆಬ್ಬಾಳದ ಕೃಷಿ ವಿಜ್ಞಾನಿಗಳು ಈ ಹಟವನ್ನು ಮುರಿದು, ಹಗಲಿನ ಉದ್ದವನ್ನು ಲೆಕ್ಕಿಸದೆ ಕಾಯಿ ಕೊಡುವ 'ಹೆಬ್ಬಾಳ ಅವರೆ' ತಳಿಗಳನ್ನು ಹೊರತಂದಿದ್ದಾರೆ. ರೈತನಿಗೆ ಅದು ಉಪಕಾರವೇ ಸರಿ. ಆದರೆ ಸೊಗಡು? ಮಾಗಡಿ, ಕೋಲಾರದ ಕಡೆಯಿಂದ ಬರುವ, ಮಂಜು ಕುಡಿದ ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಎರಡು ದಿನ ಬಿಡದ ಆ ವಾಸನೆ ಇದೆಯಲ್ಲ, ಅದನ್ನು ಬಲ್ಲವರು ವೈಶಾಖದ ಅವರೆಯನ್ನು ಅವರೆಯೆಂದು ಒಪ್ಪುವುದಿಲ್ಲ. ಕೊಳ್ಳುವಾಗ ತರಕಾರಿಯನ್ನು ಮೂಸಿ ನೋಡುವುದು ಅಸಭ್ಯವೆನ್ನಬಹುದು; ಅವರೆಕಾಯಿಗೆ ಆ ನಿಯಮವಿಲ್ಲ.

ಮೇಷ್ಟರು ಮೂಸಿ ನೋಡಿ ಎರಡು ಕಿಲೋ ತಂದರು. ತಂದ ಮೇಲೆ ತಿಳಿಯಿತು, ಕಾಯಿ ಕೊಳ್ಳುವುದು ಸುಲಭದ ಭಾಗ. ಎರಡು ಕಿಲೋ ಬಿಡಿಸಿದರೆ ಕಾಳು ಅರ್ಧದಷ್ಟೂ ಬರಲಾರದು. ಕೆಲವರು ಹಲ್ಲು ಕಡಿದುಕೊಂಡು ಒಬ್ಬರೇ ಮುಗಿಸುತ್ತಾರೆ, ಅದು ಶಿಕ್ಷೆ. ನಾಲ್ಕು ಜನ ಕುಳಿತರೆ ಅದೇ ಕೆಲಸ ಹರಟೆಯ ನೆಪ. ಇನ್ನು ಹಿದುಕಿದ ಬೇಳೆಯ ಸಾರು ಬೇಕೆಂದರಂತೂ ಕಾಳನ್ನು ನೀರಿನಲ್ಲಿ ನೆನೆಸಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನೇ ಹಿದುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಿಗಿಯುತ್ತದೆ, ಎಷ್ಟೋ ವೇಳೆ ಪಾತ್ರೆಗೆ, ಒಮ್ಮೊಮ್ಮೆ ಎದುರು ಕುಳಿತವರ ಮೂಗಿಗೆ. ಯಂತ್ರದಿಂದ ಹಿದುಕಿದ ಬೇಳೆ ಅಂಗಡಿಯಲ್ಲಿ ಸಿಗದಿಲ್ಲ. ಸಿಗಲಿ, ಪುರಸೊತ್ತಿಲ್ಲದವರಿಗೆ ಬೇಕು. ಆದರೆ ಆ ಬೇಳೆ ಯಾರ ಮೂಗಿಗೂ ಜಿಗಿದಿರುವುದಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಜಗಲಿಗೆ ಬಿಸಿಲು ಬಂದಿತು. ಮೇಷ್ಟರು ಮೊರ ಹಿಡಿದು ಕುಳಿತರು. ಹತ್ತು ಕಾಯಿ ಬಿಡಿಸುವಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಬಂದಳು. ಕ್ರಿಸ್‌ಮಸ್ ರಜೆಯ ದಿನ. ಮೊದಲ ಹಸಿರು ಹುಳು ಕಂಡು ಚೀರಿ ಜಗಲಿಯಿಂದ ಕೆಳಗೆ ಹಾರಿದಳು, ಎರಡನೆಯದನ್ನು ಕಡ್ಡಿಯಿಂದ ಎತ್ತಿದಳು, ಮೂರನೆಯದಕ್ಕೆ ಹೆಸರಿಟ್ಟಳು. ಎದುರಿನ ನಿವೇಶನದಲ್ಲಿ ಹಳೆಯ ಮನೆ ಕೆಡವಿ ಬಹುಮಹಡಿ ಕಟ್ಟುತ್ತಿದ್ದಾರೆ. ಅಲ್ಲಿಯ ಕಾವಲುಗಾರನ ಸಂಸಾರ ಕಲಬುರಗಿ ಕಡೆಯದು. ತಗಡಿನ ಗುಡಿಸಲು, ನಸುಕಿನಲ್ಲಿ ಮರದ ಚೂರುಗಳ ಉರಿ. ಆ ಉರಿಯನ್ನು ಮೇಷ್ಟರು ಕಿಟಕಿಯಿಂದ ದಿನವೂ ನೋಡುತ್ತಿದ್ದರು, ಮಾತಾಡಿಸಿರಲಿಲ್ಲ. ಕಾವಲುಗಾರನ ಹೆಂಡತಿ ನೀರಿಗೆ ಬಂದವಳು ಮೇಷ್ಟರ ಬೆರಳುಗಳ ನಿಧಾನವನ್ನು ಒಂದು ನಿಮಿಷ ನೋಡಿ ಸಹಿಸಲಾರದೆ ಕೊಡ ಕೆಳಗಿಟ್ಟಳು.

"ಹಂಗ ಅಲ್ರೀ ಮಾಸ್ತರ, ಬೆನ್ನಿನ ಕಡೆ ಒತ್ತಬೇಕು. ಸರೀರಿ, ನಾ ಮಾಡ್ತೀನಿ."

"ನಿಮಗೆ ಕೆಲಸವಿರುತ್ತಲ್ಲಮ್ಮ?"

"ಇರತೈತ್ರೀ. ಬಿಸಲಾಗ ಕುಂತು ಮಾಡೋ ಕೆಲಸ ಎಲ್ಲಿ ಐತಿ?"

ಕೈ ಆಡುತ್ತಿದ್ದಂತೆ ಬಾಯಿಯೂ ಆಡಿತು. ಅವರ ಕಡೆ ಈಗ ಎಳ್ಳಮಾವಾಸ್ಯೆಯ ಹೊತ್ತು. ಸಜ್ಜೆಯ ರೊಟ್ಟಿ, ಭಜ್ಜಿಪಲ್ಯ, ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು. ಬೆಳೆದು ನಿಂತ ಬೆಳೆಗೆ ಪೂಜೆ ಮಾಡಿ, ಭೂತಾಯಿಗೆ ಚರಗ ಚೆಲ್ಲಿ, ಹೊಲದಲ್ಲೇ ಕುಳಿತು ಉಣ್ಣುವುದು. ಆಮೇಲೆ ಜೋಳದ ಹಾಲುತೆನೆ ಸುಟ್ಟು ಸೀತನಿ. ಈ ವರ್ಷ ಅವರು ಹೋಗಿಲ್ಲ, ಸಾಲ ತೀರಿಲ್ಲ. ಅಷ್ಟನ್ನೂ ಆಕೆ ಕಾಯಿಯಿಂದ ಕಣ್ಣೆತ್ತದೆ ಹೇಳಿದಳು. ಮೇಷ್ಟರು ಮೂವತ್ತೈದು ವರ್ಷ ಆ ಜಿಲ್ಲೆಯ ಬೆಳೆಗಳನ್ನು ನಕ್ಷೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ತೋರಿಸಿದವರು. ಸೀತನಿಯ ಹೆಸರು ಯಾವ ನಕ್ಷೆಯಲ್ಲೂ ಇರಲಿಲ್ಲ.

ಒಂದು ಗಂಟೆಯಲ್ಲಿ ಕಾಯಿ ಮುಗಿಯಿತು. ಕಾಳು ಮೂರು ಪಾಲಾಯಿತು: ಪಕ್ಕದ ಮನೆಯ ಡಬರಿಗೆ ಒಂದು, ತಗಡಿನ ಗುಡಿಸಲಿಗೆ ಒಂದು, ಉಳಿದದ್ದು ಮೇಷ್ಟರಿಗೆ. ಅವರು ಆ ಮಧ್ಯಾಹ್ನ ತಾವೇ ಅವರೆಕಾಳಿನ ಉಪ್ಪಿಟ್ಟು ಮಾಡಿದರು. ರವೆ ಹೆಚ್ಚು ಹುರಿದಿತ್ತು, ಉಪ್ಪು ಕಡಿಮೆಯಾಗಿತ್ತು, ಕಾಳು ಪೂರ್ತಿ ಬೆಂದಿರಲಿಲ್ಲ. ಎರಡು ಸಲ ಬಡಿಸಿಕೊಂಡರು.

ಸಾವಿನ ಮನೆಯಲ್ಲಿ ಹಬ್ಬಕ್ಕೆ ನಿಷೇಧವುಂಟು, ಸಿಹಿಗೆ ಸಂಕೋಚವುಂಟು. ಅವರೆಕಾಯಿಯ ವಿಷಯದಲ್ಲಿ ಶಾಸ್ತ್ರಕಾರರು ಮೌನವಾಗಿದ್ದಾರೆ. ಅದು ಅವರ ಮರೆವೋ, ಕರುಣೆಯೋ, ಹೇಳುವುದು ಕಷ್ಟ. ಅಂತೂ ಆ ಜಗಲಿಯ ಮೇಲೆ ಡಿಸೆಂಬರ್ ಕಡೆಯ ವಾರದಿಂದ ಜನವರಿಯ ನಡುವಿನ ತನಕ ವಾರಕ್ಕೆ ಮೂರು ದಿನ ಸಿಪ್ಪೆಯ ರಾಶಿ ಬಿದ್ದದ್ದನ್ನು ಬೀದಿ ಕಂಡಿತು. ಮೂಲೆಯ ಮನೆಯ ನಿವೃತ್ತ ಬ್ಯಾಂಕು ಅಧಿಕಾರಿಗಳು ಮೊದಲು ಪತ್ರಿಕೆ ಓದುವ ನೆಪದಿಂದ ಬಂದರು, ಆಮೇಲೆ ಪತ್ರಿಕೆ ತರುವುದನ್ನು ಬಿಟ್ಟರು. ನಸುಕಿನಲ್ಲಿ ಗುಡಿಸಲಿನ ಉರಿಯ ಬಳಿಗೆ ಒಂದು ಫ್ಲಾಸ್ಕು ಕಾಫಿ ಹೋಗತೊಡಗಿತು. ಗೀಸರಿನ ಗುಂಡಿಯನ್ನು ಐದೂಮುಕ್ಕಾಲಿಗೆ ಒತ್ತಿ, ನೀರು ಕಾಯುವ ತನಕ ಮೇಷ್ಟರು ಆ ಉರಿಯ ಮುಂದೆ ಕುಳಿತಿರುತ್ತಾರೆ, ಮಂಕಿ ಟೋಪಿ ಹಾಕಿಕೊಂಡು.

ಸಂಕ್ರಾಂತಿಯ ಸಂಜೆ ಪಕ್ಕದ ಮನೆಯ ಹುಡುಗಿ ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಬಂದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಒಂದು ತುಂಡು ಕಬ್ಬು, ಸಕ್ಕರೆಯಚ್ಚಿನ ಒಂದು ಗಿಳಿ. ಮೇಷ್ಟರು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹಳೆಯ ಬಟ್ಟೆಯ ಗಂಟಿತ್ತು. ಒಳಗೆ ಮರದ ಅಚ್ಚುಗಳು: ನವಿಲು, ಆನೆ, ಬೃಂದಾವನ. ಮನೆಯಾಕೆ ವರ್ಷಕ್ಕೊಮ್ಮೆ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿಡುತ್ತಿದ್ದವು.

"ಇವು ನಿಮ್ಮ ಅಮ್ಮನಿಗೆ ಕೊಡು ಪುಟ್ಟಿ. ಮುಂದಿನ ವರ್ಷಕ್ಕೆ."

"ಆನೆಗೆ ಸೊಂಡಿಲು ಮುರಿದಿದೆ, ತಾತ."

"ಅದು ಯಾವಾಗಲೂ ಹಾಗೇ ಬರುತ್ತಿತ್ತು."

ರಥಸಪ್ತಮಿ ಕಳೆಯಿತು. ಬಿಸಿಲು ಜಗಲಿಗೆ ಏಳೂವರೆಗೇ ಬರತೊಡಗಿತು. ಹತ್ತು ಗಂಟೆಗೆ ಕೂರಲಾಗುವುದಿಲ್ಲ. ಸ್ವೆಟರುಗಳನ್ನು ಒಗೆದು ಹಾಕಿದ್ದಾರೆ. ಗಾಂಧಿ ಬಜಾರಿನಲ್ಲಿ ಅವರೆಕಾಯಿಯ ರಾಶಿ ದಿನೇ ದಿನೇ ತಗ್ಗುತ್ತಿದೆ, ಕಾಯಿ ಬಲಿತು ಸಿಪ್ಪೆ ಹಳದಿಯಾಗಿದೆ. ಮೇಷ್ಟರು ಒಂದನ್ನು ಎತ್ತಿ ಮೂಸಿ ನೋಡಿದರು.

"ಇನ್ನು ಎಷ್ಟು ದಿನ ಬರುತ್ತಪ್ಪ?"

"ಇನ್ನೊಂದು ವಾರ ಸ್ವಾಮಿ. ಸೊಗಡು ಆಗಲೇ ಹೋಯ್ತು. ಒಂದು ಕಿಲೋ ಕೊಡಲೆ?"

"ನಾಲ್ಕು ಕೊಡು" ಎಂದು ಮೇಷ್ಟರು ಚೀಲ ಬಿಚ್ಚಿ ಹಿಡಿದರು.